ಸೋಂಕು ಬೇರೆ, ಸಾವು ಬೇರೆ: ಆಫ್ರಿಕಾದ ಗೋಸಂಪತ್ತನ್ನು ಕುರಿತು

ಆಫ್ರಿಕಾ ಖಂಡದ ಪೂರ್ವ ಮತ್ತು ದಕ್ಷಿಣ ಭಾಗಗಳಲ್ಲಿ ದನಕರುಗಳು ಪರೋಪಜೀವಿಗಳ ಬಾಧೆಗೆ ಸಿಕ್ಕಿ ಲಕ್ಷಗಟ್ಟಲೆಯಾಗಿ ಸಾಯುತ್ತಿರುವ ವಿಷಯವನ್ನು ಕುರಿತು ಬರೆಯತಕ್ಕವರು ಬಹುಮಟ್ಟಿಗೆ ಒಂದೇ ಜಾಡಿನಲ್ಲಿ ವಿಚಾರಮಾಡುತ್ತ ಬಂದಿದ್ದಾರೆ. ರೋಗಕ್ಕೆ ಕಾರಣ ಒಂದು ಸೂಕ್ಷ್ಮಜೀವಿ. ಅದನ್ನು ಹೊತ್ತು ತರುವುದು ಉಣುಗು ಅಥವಾ ನೊಣ. ಆದಕಾರಣ ಉಣುಗನ್ನೂ ನೊಣವನ್ನೂ ನಿರ್ಮೂಲ ಮಾಡಿದರೆ ಸಾವು ತಾನಾಗಿಯೇ ನಿಲ್ಲುವುದು. ಹಾಗೆ ನಿಲ್ಲದಿದ್ದರೆ ಅದಕ್ಕೆ ಹೊಣೆ ಸಂಖ್ಯಾಮೋಹದಿಂದ ಬಡಕಲು ದನಗಳ ದೊಡ್ಡ ಹಿಂಡನ್ನು ಕಟ್ಟಿಕೊಂಡು, ಶಾಸ್ತ್ರೀಯ ಪಶುಪಾಲನೆಯನ್ನು ಅರಿಯದೆ ಅಲೆಯುವ ಪಶುಪಾಲಕನೇ ಹೊರತು ಮತ್ತಾರೂ ಅಲ್ಲ: ಇದು ಆ ವಿಚಾರಸರಣಿಯ ಸಾರ. ಕೇಳುವುದಕ್ಕೆ ಇದು ತರ್ಕಬದ್ಧವಾಗಿಯೇ ಇದೆ. ಆದರೆ ಇದರೊಳಗೆ ಎರಡು ಭಿನ್ನ ಸಂಗತಿಗಳು ಒಂದರೊಡನೊಂದು ಬೆರೆತುಹೋಗಿವೆ. ದನದ ಶರೀರದಲ್ಲಿ ಪರೋಪಜೀವಿ ಇರುವುದು ಒಂದು ಸಂಗತಿ. ಅದರಿಂದ ಆ ದನ ಸಾಯುವುದು ಮತ್ತೊಂದು ಸಂಗತಿ. ಮೊದಲನೆಯದು ಇಲ್ಲದೆ ಎರಡನೆಯದು ಇಲ್ಲವೆಂಬುದು ನಿಜವಾದರೂ, ಮೊದಲನೆಯದು ಇದ್ದಲ್ಲೆಲ್ಲ ಎರಡನೆಯದು ಇರಲೇಬೇಕೆಂಬುದು ನಿಜವಲ್ಲ. ಈ ವಿವೇಚನೆ ಇಲ್ಲದುದರಿಂದ ಆಫ್ರಿಕಾದಲ್ಲಿ ಎಷ್ಟೋ ದನಗಳು ಉಳಿಯಬಹುದಾಗಿದ್ದೂ ಸತ್ತಿವೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ರೂಢಿಯ ವಾದಕ್ಕೆ ಆಧಾರವಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, 1901-02ರ ಸುಮಾರಿಗೆ, ದಕ್ಷಿಣ ಆಫ್ರಿಕಾಕ್ಕೆ ಪೂರ್ವತೀರದಿಂದ ಬಂದ ದನಗಳೊಡನೆ ಒಂದು ಜ್ವರವೂ ಬಂದಿತು. ಅದಕ್ಕೆ ಹಿಂದಣ ದಶಕದಲ್ಲಿ ದೊಡ್ಡರೋಗವೆಂಬ ದನಗಳ ಸಾಂಕ್ರಾಮಿಕ ವ್ಯಾಧಿ ಹಬ್ಬಿ ಆ ಸೀಮೆಯ ಹಟ್ಟಿಗಳು ಬರಿದಾಗಿದ್ದುವು. ಅವನ್ನು ಮತ್ತೆ ತುಂಬಿಸುವುದಕ್ಕೆಂದು ತರಿಸಿದ ದನಗಳೇ ಈ ಹೊಸ ಮೃತ್ಯುವಿಗೆ ವಾಹನವಾದುವು. ಪೂರ್ವತೀರದ ಜ್ವರವೆಂದು ಹೆಸರಾದ ಈ ವ್ಯಾಧಿಯನ್ನು ದನದ ಕಿವಿಗೆ ಕಚ್ಚುವ ಕಂದು ಉಣುಗು ಹರಡುವುದೆಂದು ಲೌನ್ಸ್‌ಬರಿ ಎಂಬ ಕೀಟಶಾಸ್ತ್ರಜ್ಞನು ಪ್ರಯೋಗದಿಂದ ತೋರಿಸಿದನು. ರೋಗದ ಸ್ವರೂಪವನ್ನು ಶೋಧಿಸಿದ ಆರ್ನಾಲ್ಡ್ ಥೈಲರನ ಹೆಸರೇ ಆ ಪರೋಪಜೀವಿಯ ಕುಲಕ್ಕೆ ಥೈಲೇರಿಯಾ ಎಂದು ಅಂಟಿಕೊಂಡಿತು. ಆ ಬಳಿಕ ಸರಕಾರಗಳು ಪಾಷಾಣದ ನೀರು ತುಂಬಿದ ತೊಟ್ಟಿಗಳನ್ನು ಕಟ್ಟಿಸಿ ದನಗಳನ್ನು ಗೊತ್ತಾದ ದಿನಗಳಂದು ಅದರಲ್ಲಿ ಮುಳುಗಿಸಿ ಏಳಿಸುವುದನ್ನು ಕಡ್ಡಾಯಪಡಿಸಿದುವು. ಹುಲ್ಲುಗಾವಲುಗಳಿಗೆ ಬೇಲಿ ಬಿಗಿದುವು. ದನಗಳ ಸಂಚಾರವನ್ನು ತಡೆದುವು. ಸೋಂಕಿದ ಹಿಂಡುಗಳನ್ನು ಕೊಲ್ಲಿಸಿದುವು. ಅರ್ಧ ಶತಮಾನ ಹೀಗೆ ಹೆಣಗಿದ ಮೇಲೆ, 1950ರ ದಶಕದ ಮಧ್ಯಭಾಗದಲ್ಲಿ, ದಕ್ಷಿಣ ಆಫ್ರಿಕಾ ಆ ಜ್ವರದಿಂದ ಮುಕ್ತವಾಯಿತು. ಇದು ಸಾಮಾನ್ಯವಾದ ಸಾಧನೆಯಲ್ಲ. ಒಂದು ಕಡೆ ಸಾಧಿಸಿದುದನ್ನು ಎಲ್ಲೆಡೆಯಲ್ಲಿಯೂ ಸಾಧಿಸಬಹುದೆಂಬ ನಂಬಿಕೆ ಇದರಿಂದ ಹುಟ್ಟಿದ್ದರೆ ಆಶ್ಚರ್ಯವೂ ಇಲ್ಲ.

ಈ ನಂಬಿಕೆಯನ್ನು ಪರೀಕ್ಷಿಸಬೇಕಾದರೆ ರೋಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಂದು ಉಣುಗು ತನ್ನ ಜೀವಿತದಲ್ಲಿ ಮೂರು ಸಲ, ಮೂರು ಬೇರೆ ಪ್ರಾಣಿಗಳ ಮೇಲೆ, ರಕ್ತ ಕುಡಿಯುತ್ತದೆ: ಮರಿಯಾಗಿ ಒಮ್ಮೆ, ಎಳೆಯದಾಗಿ ಒಮ್ಮೆ, ಬೆಳೆದಮೇಲೆ ಒಮ್ಮೆ. ಸೋಂಕನ್ನು ಅದು ಒಂದು ಅವಸ್ಥೆಯಲ್ಲಿ ಪಡೆದು ಮರು ಅವಸ್ಥೆಯಲ್ಲಿ ಕೊಡುತ್ತದೆಯೇ ಹೊರತು ತಾಯಿಯಿಂದ ಮೊಟ್ಟೆಗೆ ದಾಟಿಸುವುದಿಲ್ಲ. ಕಚ್ಚಿದೊಡನೆಯೂ ಕೊಡುವುದಿಲ್ಲ, ಮೂರು ನಾಲ್ಕು ದಿನ ಕಿವಿಯೊಳಗೆ ಕಚ್ಚಿಕೊಂಡು ಕುಳಿತ ಮೇಲೆ ಅದರ ಜೊಲ್ಲಿನಲ್ಲಿ ಪರೋಪಜೀವಿ ಪಕ್ವವಾಗಿ ಇಳಿಯುತ್ತದೆ. ಹಾಗೆ ಇಳಿದುದು ದನದ ಬಿಳಿ ರಕ್ತಕಣವನ್ನು ಹೊಕ್ಕು, ಅದನ್ನು ಕೊಲ್ಲದೆ, ತಾನು ಇಬ್ಭಾಗವಾದಾಗಲೆಲ್ಲ ಅದೂ ಇಬ್ಭಾಗವಾಗುವಂತೆ ಪ್ರಚೋದಿಸಿ, ಅರ್ಬುದರೋಗದಲ್ಲಿ ಆಗುವಂತೆ ಕಣಸಮೂಹವನ್ನು ಬೆಳೆಸುತ್ತ ಹೋಗುತ್ತದೆ. ಕೆಲವು ದಿನಗಳೊಳಗೆ ಕರುವಿನ ಕಿವಿಯ ಬುಡದ ಗ್ರಂಥಿ ಊದಿಕೊಳ್ಳುತ್ತದೆ, ಜ್ವರವೇರುತ್ತದೆ, ಹೆಗಲಿನ ಮುಂದಣ ಗ್ರಂಥಿ, ತೊಡೆಯ ಮುಂದಣ ಗ್ರಂಥಿ ಒಂದೊಂದಾಗಿ ಗಡ್ಡೆಗಟ್ಟುತ್ತವೆ, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬಿ, ಮೂಗಿನ ಹೊಳ್ಳೆಗಳಿಂದ ಬಿಳಿಯ ನೊರೆ ಸುರಿದು, ಉಣುಗು ಕಚ್ಚಿದ ಮೂರು ನಾಲ್ಕು ವಾರಗಳಲ್ಲಿ ಕರು ಉಸಿರುಗಟ್ಟಿ ಸಾಯುತ್ತದೆ. ಹಿಂದೆಂದೂ ಈ ಸೋಂಕನ್ನು ಕಾಣದ ಯೂರೋಪಿಯನ್ ತಳಿಯ ಹಸುಗಳಲ್ಲಿ ಹೀಗೆ ಸಾಯದೆ ಉಳಿಯುವುವು ಅತ್ಯಲ್ಪ. ಆದರೆ ಅದೇ ಉಣುಗು, ಅದೇ ಪರೋಪಜೀವಿ, ಬಹುಕಾಲದಿಂದ ಅಲ್ಲಿಯೇ ಬಾಳಿಬಂದ ಹಿಣಿಲಿನ ತಳಿಯ ಕರುವನ್ನು ಹೊಕ್ಕಾಗ ಕತೆ ಅನೇಕವೇಳೆ ಬೇರೆಯಾಗುತ್ತದೆ: ಜ್ವರ ಬಂದು ಹೋಗುತ್ತದೆ, ಗ್ರಂಥಿ ಊದಿ ಇಳಿಯುತ್ತದೆ, ಆ ಬಳಿಕ ಅದು ಬಹುಕಾಲ ಆ ರೋಗಕ್ಕೆ ಅಭೇದ್ಯವಾಗಿ, ಪರೋಪಜೀವಿಯ ಲೇಶವನ್ನು ಒಳಗಿಟ್ಟುಕೊಂಡೇ, ಮೇಯುತ್ತ ಬದುಕುತ್ತದೆ.

ಹಾಗಾದರೆ ಸಾವನ್ನು ನಿರ್ಣಯಿಸುವುದು ಯಾವುದು? ಪರೋಪಜೀವಿಯ ಇರವು ಒಂದೇ ಅಲ್ಲವೆಂಬುದು ಸ್ಪಷ್ಟ. ಉಳಿದ ಕಾರಣಗಳಲ್ಲಿ ಮೂರನ್ನು ಮುಖ್ಯವಾಗಿ ಎಣಿಸಬಹುದು.

1. ಮೊದಲ ಸೋಂಕು ತಗಲುವ ವಯಸ್ಸು. ಉಣುಗುಗಳೇ ಹರಡುವ ಬೇಬಿಸಿಯಾದಂತಹ ಪರೋಪಜೀವಿಗಳ ರೋಗಗಳಲ್ಲಿ ಕರುವಿಗೆ ಎಳವೆಯಲ್ಲಿ ಸ್ವಾಭಾವಿಕವಾದ ತಡೆಯುಂಟು. ಆಗ ಸೋಂಕಿದರೆ ಅದು ಬದುಕಿ ರಕ್ಷಣೆ ಪಡೆಯುತ್ತದೆ, ಬೆಳೆದ ಮೇಲೆ ಮೊದಲ ಸಲ ಸೋಂಕಿದರೆ ಸಾಯುವ ಸಂಭವ ಹೆಚ್ಚು. ಪೂರ್ವತೀರದ ಜ್ವರದಲ್ಲಿ ಈ ವಯೋಭೇದ ಅಷ್ಟು ನಿಚ್ಚಳವಾಗಿಲ್ಲ.

2. ತಳಿ. ಇದನ್ನು ಆಗಲೇ ಹೇಳಿದ್ದಾಯಿತು. ನಮ್ಮ ನಾಡಿನಲ್ಲಿಯೂ ಇದೇ ಕುಲದ ಇನ್ನೊಂದು ಪರೋಪಜೀವಿಯನ್ನು ನಾಟಿ ದನಗಳು ಬಹುಮಟ್ಟಿಗೆ ತಾಳಿಕೊಂಡು, ಮಿಶ್ರತಳಿಯ ಹಸುಗಳು ಅದಕ್ಕೆ ಬಲಿಯಾಗುವುದನ್ನು ಪಶುವೈದ್ಯರು ಚೆನ್ನಾಗಿ ಬಲ್ಲರು.

3. ಜೊತೆಯ ಸೋಂಕುಗಳು. ಇದನ್ನು ಲೋಕ ಇನ್ನೂ ಸಾಕಷ್ಟು ಗಮನಿಸಿಲ್ಲವಾದುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಪಶ್ಚಿಮ ಕೆನ್ಯಾದಲ್ಲಿ 548 ನಾಟಿ ಕರುಗಳನ್ನು ಹುಟ್ಟಿದಂದಿನಿಂದ ಒಂದು ವರ್ಷದವರೆಗೆ ಬಿಡದೆ ಪರೀಕ್ಷಿಸಿದ ವಿದ್ವಾಂಸರು, ಅವುಗಳಲ್ಲಿ 88 ಕರುಗಳು ಸತ್ತುದನ್ನೂ, ಸೋಂಕಿನಿಂದಾದ ಸಾವುಗಳಿಗೆ ಪೂರ್ವತೀರದ ಜ್ವರವೇ ಎಲ್ಲಕ್ಕಿಂತ ದೊಡ್ಡ ಕಾರಣವಾಗಿದ್ದುದನ್ನೂ ಕಂಡರು. ಅದರೊಡನೆಯೇ ಅವರು ಕಂಡ ಇನ್ನೊಂದು ಸಂಗತಿಯೆಂದರೆ, ಅದೇ ಕುಲದ ನಿರುಪದ್ರವಿಯಾದ ಬೇರೆ ಥೈಲೇರಿಯಾಗಳು ಯಾವ ಕರುಗಳಲ್ಲಿ ಇದ್ದುವೋ ಅವುಗಳಲ್ಲಿ ಮಾರಕವಾದ ಥೈಲೇರಿಯಾದ ಸೋಂಕಿಗೆ ಸಂಬಂಧಿಸಿದ ಸಾವು 89 ಪ್ರತಿಶತದಷ್ಟು ಕಡಮೆಯಾಗಿದ್ದಿತು. ಇದರ ತಾತ್ಪರ್ಯ ಗಂಭೀರವಾದುದು: ಉಣುಗನ್ನು ಪೂರ್ತಿಯಾಗಿ ತೊಡೆದುಹಾಕಹೊರಟವನು ಕೊಲ್ಲುವ ಸೋಂಕಿನ ಜೊತೆಯಲ್ಲಿಯೇ ಕಾಯುವ ಸೋಂಕನ್ನೂ ತೊಡೆದುಹಾಕುತ್ತಾನೆ, ಆಮೇಲೆ ಅವನ ಪ್ರಯತ್ನ ಅರ್ಧಕ್ಕೆ ನಿಂತರೆ, ಮರಳಿ ಬರುವ ಕೊಲೆಗಡುಕನೆದುರು ಕರು ನಿರಾಯುಧವಾಗಿ ನಿಲ್ಲುತ್ತದೆ.

ಪ್ರಯತ್ನ ಅರ್ಧಕ್ಕೆ ನಿಂತರೆ ಏನಾಗುವುದೆಂಬುದಕ್ಕೆ ಇತಿಹಾಸದಲ್ಲಿ ದಾರುಣವಾದ ಸಾಕ್ಷ್ಯವಿದೆ. ಇಂದು ಜಿಂಬಾಬ್ವೆ ಎನಿಸಿರುವ ಅಂದಿನ ರೊಡೇಷಿಯಾದಲ್ಲಿ ಔಷಧದ ತೊಟ್ಟಿಯ ಕಡ್ಡಾಯ ವ್ಯವಸ್ಥೆ ದಶಕಗಳ ಕಾಲ ಎಷ್ಟು ಕಟ್ಟುನಿಟ್ಟಾಗಿ ನಡೆಯಿತೆಂದರೆ, ಉಣುಗಿನ ಕಡಿತವೆಂಬುದನ್ನೇ ಹೆಚ್ಚಾಗಿ ಅರಿಯದ ದನಗಳ ತಲೆಮಾರುಗಳೇ ಅಲ್ಲಿ ಬೆಳೆದುವು. 1970ರ ದಶಕದಲ್ಲಿ ಸ್ವಾತಂತ್ರ್ಯಸಮರ ತೀವ್ರವಾಯಿತು. ಹಳ್ಳಿಗರ ಕಣ್ಣಿಗೆ ಔಷಧದ ತೊಟ್ಟಿ ಪರಪ್ರಭುತ್ವದ ಬಲಾತ್ಕಾರದ ಚಿಹ್ನೆಯಾಗಿದ್ದುದರಿಂದ, ಹೋರಾಟಗಾರರು ಅದನ್ನೇ ಗುರಿಯಿಟ್ಟು ಕೆಡಹಿದರು, ನೌಕರರು ಹಳ್ಳಿಗಳಿಗೆ ಹೋಗುವುದು ನಿಂತಿತು, ವ್ಯವಸ್ಥೆ ಕುಸಿಯಿತು. ಆ ಕೆಲವೇ ವರ್ಷಗಳಲ್ಲಿ ಉಣುಗುಗಳು ಹರಡುವ ರೋಗಗಳಿಂದ ಸತ್ತ ದನಗಳ ಸಂಖ್ಯೆ ಹತ್ತು ಲಕ್ಷದಷ್ಟೆಂದು ಪಶುವೈದ್ಯರೇ ಅಂದಾಜು ಮಾಡಿದ್ದಾರೆ. ಇಲ್ಲಿ ರೂಢಿಯ ವಾದಿ, 'ನೋಡಿ, ತೊಟ್ಟಿ ನಿಂತೊಡನೆ ದನಗಳು ಸತ್ತುವು; ತೊಟ್ಟಿಯೇ ಅವನ್ನು ಕಾಯುತ್ತಿದ್ದುದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?' ಎಂದು ಕೇಳಬಹುದು. ಪ್ರಶ್ನೆ ಸಹಜವಾದುದು, ಆದರೆ ಅದು ಅರ್ಧ ದಾರಿಯಲ್ಲಿಯೇ ನಿಲ್ಲುತ್ತದೆ. ಆ ಉಣುಗುಗಳೂ ಆ ಸೂಕ್ಷ್ಮಜೀವಿಗಳೂ ತೊಟ್ಟಿಗಳು ಹುಟ್ಟುವುದಕ್ಕೆ ಮುಂಚೆಯೂ ಬಹುಪಾಲು ಆ ನೆಲದಲ್ಲಿಯೇ ಇದ್ದುವು. ಅವುಗಳ ನಡುವೆಯೇ ಆ ನಾಡಿನ ಸಾಂಗಾ ತಳಿಯ ದನಗಳು ವಂಶಾನುಕ್ರಮವಾಗಿ ಬಾಳಿದ್ದುವು. ದಶಕಗಳ ತೊಟ್ಟಿಸ್ನಾನ ಆ ವಂಶದ ದನಗಳನ್ನು ಎಳವೆಯ ಸೋಂಕಿನಿಂದ ದೂರವಿಟ್ಟು, ಅವುಗಳ ರಕ್ಷಣೆಯನ್ನು ತಾನೇ ವಹಿಸಿಕೊಂಡು, ಅನಂತರ ಅವನ್ನು ಕೈಬಿಟ್ಟಿತು. ದನಗಳು ಸತ್ತುದು ತೊಟ್ಟಿ ನಿಂತುದರಿಂದ ಎಂಬುದು ಎಷ್ಟು ಸತ್ಯವೋ, ತೊಟ್ಟಿ ಅಷ್ಟು ಕಾಲ ನಡೆದುದರಿಂದ ಎಂಬುದೂ ಅಷ್ಟೇ ಸತ್ಯ. ಯುದ್ಧ, ಕ್ಷಾಮ, ಬೊಕ್ಕಸದ ಬರಿದಾಗುವಿಕೆ ಇವು ಯಾವ ದೇಶಕ್ಕೂ ತಪ್ಪಿದುವಲ್ಲ. ಒಂದು ವಾರವೂ ತಪ್ಪದೆ ನಡೆದರೆ ಮಾತ್ರ ಕಾಯುವ, ತಪ್ಪಿದರೆ ಮೊದಲಿಗಿಂತ ಹೆಚ್ಚಾಗಿ ಕೊಲ್ಲುವ ಉಪಾಯವನ್ನು ಬಡದೇಶದ ಹಳ್ಳಿಗನ ಮೇಲೆ ಹೇರುವುದು ಆತನ ಬದುಕನ್ನು ಪಣಕ್ಕಿಟ್ಟಂತೆ. ಉಣುಗುಗಳು ಪಾಷಾಣಕ್ಕೆ ಒಗ್ಗಿಕೊಂಡುದು, ಅನಂತರ ಬಂದ ಒಂದೊಂದು ಔಷಧಕ್ಕೂ ಕ್ರಮವಾಗಿ ಒಗ್ಗಿಕೊಳ್ಳುತ್ತ ನಡೆದುದು ಬೇರೆಯೇ ಒಂದು ಅಧ್ಯಾಯ.

ಇನ್ನು ಪಶುಪಾಲಕನ ಅಜ್ಞಾನದ ಮಾತು. 1926ರಲ್ಲಿ ಹರ್ಸ್ಕೊವಿಟ್ಸ್ ಎಂಬ ಮಾನವಶಾಸ್ತ್ರಜ್ಞನು ಪೂರ್ವ ಆಫ್ರಿಕಾದ ಜನಜೀವನದಲ್ಲಿ ಗೋವಿಗಿರುವ ಪ್ರಾಧಾನ್ಯವನ್ನು ವಿವರಿಸಿ ಬರೆದ ಪ್ರಬಂಧ ಪ್ರಸಿದ್ಧವಾದುದು. ವಿವಾಹ, ವ್ರತ, ಗೌರವ ಎಲ್ಲವೂ ದನದ ಸುತ್ತ ಹೆಣೆದುಕೊಂಡಿರುವ ಸಂಸ್ಕೃತಿಯನ್ನು ಆತನು ವರ್ಣಿಸಿದನು. ಅದನ್ನು ಎತ್ತಿಕೊಂಡ ಆಡಳಿತಗಾರರು, ಇಂತಹ ಜನ ವಿವೇಕದಿಂದಲ್ಲದೆ ಮೋಹದಿಂದ ದನ ಸಾಕುತ್ತಾರೆಂಬ ತೀರ್ಮಾನಕ್ಕೆ ಬಂದರು. ಈ ತೀರ್ಮಾನದಲ್ಲಿ ಕಾರ್ಯಕಾರಣಗಳು ಅದಲುಬದಲಾಗಿವೆ. ಈ ವರ್ಷ ಹುಟ್ಟಿದ ಕರುಗಳಲ್ಲಿ ಎಷ್ಟು ಮುಂದಿನ ಮಳೆಗಾಲವನ್ನು ಕಾಣುವುವೆಂದು ಹೇಳಲಾರದ ಗೃಹಸ್ಥನು ನಾಲ್ಕು ಹಸುಗಳನ್ನು ಸಾಕಿದರೆ ಒಂದು ಜ್ವರದ ವರ್ಷದಲ್ಲಿ ಆತನ ಮನೆಗೆ ಹಾಲೂ ಇಲ್ಲ, ಕರು ಹಾಕುವ ಹಸುವೂ ಇಲ್ಲ. ನಲವತ್ತು ಸಾಕಿದರೆ ಹಿಂಡನ್ನು ಮತ್ತೆ ಕಟ್ಟಿಕೊಳ್ಳುವಷ್ಟಾದರೂ ಉಳಿಯುತ್ತವೆ. ಸಾವು ಹೆಚ್ಚಾಗಿರುವುದರಿಂದ ಆತನು ಹೆಚ್ಚು ದನ ಸಾಕುತ್ತಾನೆಯೇ ಹೊರತು ಹೆಚ್ಚು ಸಾಕುವುದರಿಂದಲೇ ಎಲ್ಲ ಸಾವೂ ಬರುವುದಲ್ಲ. ಹುಲ್ಲುಗಾವಲಿನ ಮೇಲೆ ಭಾರ ಬೀಳುವುದುಂಟು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಾವನ್ನು ತಗ್ಗಿಸದೆ ಸಂಖ್ಯೆಯನ್ನು ಮಾತ್ರ ತಗ್ಗಿಸೆಂದು ಆತನಿಗೆ ಬೋಧಿಸುವುದು ನ್ಯಾಯವಲ್ಲ. ಅಜ್ಞಾನವೆನಿಸಿದುದರಲ್ಲಿ ವಿವೇಕವಿದ್ದುದಕ್ಕೆ ಒಣಹುಲ್ಲಿಗೆ ಕಾಲಕಾಲಕ್ಕೆ ಬೆಂಕಿಯಿಡುವ ಆತನ ಪದ್ಧತಿಯನ್ನೇ ನೋಡಬಹುದು. ಇದನ್ನು ಹಾಳುಗೆಡಹುವ ದುರಭ್ಯಾಸವೆಂದು ಬಗೆದು ತಾಂಜಾನಿಯಾದ ಗೊರೊಂಗೊರೊ ಪ್ರದೇಶದಲ್ಲಿ ನಿಷೇಧಿಸಲಾಯಿತು. ಬೆಂಕಿ ಕಾಣದ ಹುಲ್ಲು ಒರಟಾಗಿ ಎತ್ತರ ಬೆಳೆದು ಉಣುಗುಗಳು ಅಸಂಖ್ಯಾತವಾದುವು. ಇಸವಿ 2000ದ ಬರಗಾಲದ ಬೆನ್ನಿಗೆ ಅಲ್ಲಿನ ಕಾಡುಪ್ರಾಣಿಗಳೂ ಉಣುಗಿನ ರೋಗದಿಂದ ಸಾಯತೊಡಗಿದಾಗ, ನಿಯಂತ್ರಿತವಾದ ಬೆಂಕಿಯನ್ನು ಅಧಿಕಾರಿಗಳೇ ಮತ್ತೆ ಬಳಕೆಗೆ ತರಬೇಕಾಯಿತು.

ನೊಣದ ವಿಷಯದಲ್ಲಿ ಇದೇ ಗೊಂದಲ ಇನ್ನೂ ವಿಸ್ತಾರವಾಗಿ ಕಾಣುತ್ತದೆ. 1890ರ ದಶಕದಲ್ಲಿ ಜುಲುಲ್ಯಾಂಡಿನ ಉಬೊಂಬೊದಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾವೈದ್ಯನು, ದನಗಳನ್ನು ಬತ್ತಿಸಿ ಕೊಲ್ಲುವ ನಾಗಾನಾ ರೋಗಕ್ಕೆ ತ್ಸೆತ್ಸೆ ನೊಣ ಹರಡುವ ಟ್ರಿಪನೊಸೋಮವೆಂಬ ಪರೋಪಜೀವಿಯೇ ಕಾರಣವೆಂದು ತೋರಿಸಿದನು. ಕಾಡುಪ್ರಾಣಿಗಳ ರಕ್ತದಲ್ಲಿ ಆ ಪರೋಪಜೀವಿ ಇದ್ದುದರಿಂದ, ಕಾಡುಪ್ರಾಣಿಗಳನ್ನು ಕೊಂದರೆ ರೋಗ ನಿಲ್ಲುವುದೆಂದು ತರ್ಕಿಸಿ, ಮುಂದಣ ದಶಕಗಳಲ್ಲಿ ದಕ್ಷಿಣ ರೊಡೇಷಿಯಾದಲ್ಲಿ ಲಕ್ಷಾಂತರ ಜಿಂಕೆ, ಕಾಡೆಮ್ಮೆಗಳನ್ನು ಗುಂಡಿಕ್ಕಿ ಕೊಂದರು. ಆದರೆ ಆ ಖಂಡದ ಅನೇಕ ಕಡೆಗಳಲ್ಲಿ ನೊಣಕ್ಕೆ ಅಷ್ಟು ವಿಶಾಲವಾದ ರಾಜ್ಯ ದೊರೆತುದು ಹೇಗೆಂಬ ಪ್ರಶ್ನೆಯನ್ನು ತ್ಸೆತ್ಸೆ ನೊಣದ ಸಂಶೋಧಕನಾದ ಜಾನ್ ಫೋರ್ಡ್ 1971ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ ಎತ್ತಿಕೊಂಡು ಕೊಟ್ಟ ಉತ್ತರ ಮನನೀಯವಾದುದು. ದೊಡ್ಡರೋಗದಿಂದ ದನಗಳು ಅಳಿದುವು. ಕ್ಷಾಮದಿಂದ ಜನ ಚದುರಿದರು. ದನ ಮೇಯದ, ಜನ ಕಡಿಯದ ನೆಲದಲ್ಲಿ ಪೊದೆ ಬೆಳೆಯಿತು. ಪೊದೆಯ ನೆರಳಿಗೆ ಕಾಡುಪ್ರಾಣಿಗಳೊಡನೆ ನೊಣ ಮರಳಿತು. ಆಫ್ರಿಕಾದ ಜನ ನೊಣದೊಡನೆ ಶತಮಾನಗಳಿಂದ ಒಂದು ಸಮತೋಲವನ್ನು ಸಾಧಿಸಿಕೊಂಡಿದ್ದರು. ಅದನ್ನು ಕೆಡಿಸಿದುದು ಅವರ ಅಜ್ಞಾನವಲ್ಲ. ಆ ದೊಡ್ಡರೋಗವೋ, 1880ರ ದಶಕದ ಕೊನೆಯಲ್ಲಿ ಇಟಾಲಿಯನ್ನರು ಮಸ್ಸಾವಾ ಬಂದರಿಗೆ ತರಿಸಿದ ದನಗಳೊಡನೆ ಬಂದಿತೆಂಬುದು ಇತಿಹಾಸಕಾರರಲ್ಲಿ ರೂಢವಾದ ಅಭಿಪ್ರಾಯ. ಆ ದನಗಳು ಹೋದುದು ನಮ್ಮ ಇಂಡಿಯಾದಿಂದ ಎಂದೂ ಹಲವರು ಹೇಳುತ್ತಾರೆ. ಸೋಂಕಿದ್ದೂ ಸಾವಿಲ್ಲದಿರುವುದು ಇಲ್ಲಿಯೂ ಉಂಟು: ಪಶ್ಚಿಮ ಆಫ್ರಿಕಾದಲ್ಲಿ ಎನ್ದಾಮಾ ಎಂಬ ಗಿಡ್ಡ ತಳಿಯ ದನಗಳು ಟ್ರಿಪನೊಸೋಮವನ್ನು ಮೈಯಲ್ಲಿಟ್ಟುಕೊಂಡೂ ರಕ್ತಹೀನತೆಗೆ ಬಗ್ಗದೆ ಈದು, ಹಾಲು ಕೊಟ್ಟು ಬದುಕುತ್ತವೆ. ಗಾತ್ರವನ್ನೇ ಗುಣವೆಂದು ತಿಳಿದವರು ಅವನ್ನು ಬಹುಕಾಲ ಕೀಳೆಂದೇ ಎಣಿಸಿದರು.

ಈಗ ಆಕ್ಷೇಪಗಳನ್ನು ತೂಗಬೇಕು. ದಕ್ಷಿಣ ಆಫ್ರಿಕಾದಲ್ಲಿ ನಿರ್ಮೂಲನ ಸಾಧ್ಯವಾಯಿತಷ್ಟೆ ಎಂಬುದು ಮೊದಲನೆಯದು. ಸಾಧ್ಯವಾದುದು ನಿಜ, ಆದರೆ ಅಲ್ಲಿ ಜ್ವರ ಹೊರಗಿನಿಂದ ಹೊಸದಾಗಿ ಬಂದದ್ದು, ಸುಮಾರು ಒಂದೂಕಾಲು ವರ್ಷ ದನ ಬಿಡದ ಹುಲ್ಲುಗಾವಲಿನಲ್ಲಿ ಸೋಂಕು ತಾನೇ ಅಳಿಯುತ್ತಿದ್ದಿತು, ಬೇಲಿಯಿದ್ದಿತು, ಬೇಲಿಯನ್ನು ಕಾಯುವ ಅಧಿಕಾರವಿದ್ದಿತು. ಕಾಡೆಮ್ಮೆಗಳೊಡನೆ ಒಂದೇ ಬಯಲನ್ನು ಹಂಚಿಕೊಂಡು ಮೇಯುವ, ಪೂರ್ವ ಆಫ್ರಿಕಾದ ಮಸಾಯಿ ಜನರ ಹಿಂಡಿಗೆ ಈ ನಾಲ್ಕರಲ್ಲಿ ಒಂದೂ ಸಲ್ಲದು. ದಕ್ಷಿಣ ಆಫ್ರಿಕಾದಲ್ಲಿಯೇ ಕಾಡೆಮ್ಮೆಗಳಿಂದ ದನಗಳಿಗೆ ತಗಲುವ ಥೈಲೇರಿಯಾ ಇಂದಿಗೂ ಉಳಿದಿದೆ. ಎರಡನೆಯ ಆಕ್ಷೇಪ ಇದಕ್ಕಿಂತ ಭಾರವಾದುದು: ಸೋಂಕಿನೊಡನೆ ಬಾಳಲಿ ಎನ್ನುವವನು ಕರುಗಳು ಸಾಯಲಿ ಎನ್ನುತ್ತಾನಲ್ಲವೆ? ಪ್ರಕೃತಿಯ ಸಮತೋಲವೆಂಬ ಮಾತಿನ ಹಿಂದೆ ಕರುಗಳ ಹೆಣಗಳಿವೆಯೆಂಬುದನ್ನು ಮರೆಮಾಚುವುದು ಅಪ್ರಾಮಾಣಿಕತೆ. ಮೇಲೆ ಹೇಳಿದ ಕೆನ್ಯಾದ ಕರುಗಳಲ್ಲಿ ಆರಕ್ಕೊಂದು ವರ್ಷ ತುಂಬುವುದರೊಳಗೆ ಸತ್ತಿತು. ಮಳೆ ನೆಚ್ಚಿಕೆಯಿಲ್ಲದ ಒಣಸೀಮೆಗಳಲ್ಲಿ ಉಣುಗುಗಳು ಒಂದು ವರ್ಷ ಕಡಮೆಯಾಗಿ ಮರುವರ್ಷ ಉಕ್ಕುವುದರಿಂದ ಸಮತೋಲವೇ ನೆಲೆಗೊಳ್ಳುವುದಿಲ್ಲ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಒಪ್ಪಿದ ಮಾತ್ರಕ್ಕೆ ರೂಢಿಯ ವಾದಕ್ಕೆ ಮರಳಬೇಕಾದುದಿಲ್ಲ. ಏಕೆಂದರೆ ಸೋಂಕನ್ನು ಉಳಿಸಿಕೊಂಡು ಸಾವನ್ನು ಮಾತ್ರ ತೆಗೆದುಹಾಕುವ ಉಪಾಯ ಮನುಷ್ಯನಿಗೆ ದೊರಕಿ ಹಲವು ದಶಕಗಳಾದುವು.

ಆ ಉಪಾಯದ ಇತಿಹಾಸ ಒಂದು ವಿಫಲತೆಯಿಂದ ಪ್ರಾರಂಭವಾಗುತ್ತದೆ. 1903ರಲ್ಲಿ ರೊಡೇಷಿಯಾದ ಬುಲವಾಯೊಗೆ ಕರೆಸಿಕೊಂಡಿದ್ದ ಜರ್ಮನಿಯ ಸೂಕ್ಷ್ಮಜೀವಿಶಾಸ್ತ್ರಜ್ಞ ರಾಬರ್ಟ್ ಕಾಕ್, ರೋಗದಿಂದ ಚೇತರಿಸಿಕೊಂಡ ದನದ ರಕ್ತವನ್ನು ಆರೋಗ್ಯವಂತ ದನಕ್ಕೆ ಮತ್ತೆ ಮತ್ತೆ ಚುಚ್ಚುವ ವಿಧಾನವನ್ನು ಸೂಚಿಸಿದನು, ಅದು ಫಲಿಸಲಿಲ್ಲ. 1970ರ ದಶಕದಲ್ಲಿ ಕೆನ್ಯಾದ ಮುಗುಗಾದ ಸಂಶೋಧನಾಲಯದಲ್ಲಿ ವಿಜ್ಞಾನಿಗಳು ಬೇರೆ ದಾರಿ ಹಿಡಿದರು. ಸೋಂಕಿದ ಉಣುಗುಗಳನ್ನು ಅರೆದು, ಪರೋಪಜೀವಿಯ ಮೂರು ಬಗೆಗಳನ್ನು ಬೆರೆಸಿ, ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿಟ್ಟು, ಕರುವಿನ ಕಿವಿಯ ಬುಡದ ಬಳಿ ಜೀವಂತವಾದ ಆ ಸೋಂಕನ್ನೇ ಚುಚ್ಚಿ, ಅದೇ ಹೊತ್ತಿನಲ್ಲಿ ದೀರ್ಘಕಾಲ ನಿಲ್ಲುವ ಆಕ್ಸಿಟೆಟ್ರಾಸೈಕ್ಲಿನ್ ಔಷಧವನ್ನು ಕೊಡುವುದು ಅವರ ವಿಧಾನ. ಔಷಧ ಸೋಂಕಿನ ಕೈ ಕಟ್ಟುತ್ತದೆ, ಕೊಲ್ಲುವುದಿಲ್ಲ. ಕರು ಸೌಮ್ಯವಾಗಿ ರೋಗವನ್ನು ದಾಟಿ ವರ್ಷಗಟ್ಟಲೆ ನಿಲ್ಲುವ ರಕ್ಷಣೆಯನ್ನು ಪಡೆಯುತ್ತದೆ. ಉತ್ತರ ತಾಂಜಾನಿಯಾದ ಮಸಾಯಿ ಪಶುಪಾಲಕರು, ಅಂದರೆ ಅಜ್ಞಾನಿಗಳೆಂದು ಹೆಸರಾದ ಅದೇ ಜನ, ತಮ್ಮ ಕೈಯಿಂದ ಹಣ ತೆತ್ತು ಕರುಗಳಿಗೆ ಇದನ್ನು ಹಾಕಿಸಿದರು. ಹಾಕಿಸಿದ ಗುರುತಿಗೆ ಕಿವಿಯಲ್ಲಿ ಬಿಲ್ಲೆ ತೊಟ್ಟ ದನಕ್ಕೆ ಸಂತೆಯಲ್ಲಿ ಹೆಚ್ಚು ಬೆಲೆ ಬಂದಿತು.

ಈ ಲಸಿಕೆಯೂ ನಿರ್ದೋಷವಲ್ಲ. ಚುಚ್ಚಿಸಿಕೊಂಡ ದನ ಸೋಂಕಿನ ವಾಹಕವಾಗಿ ಉಳಿಯುತ್ತದೆ, ಆದಕಾರಣ ರೋಗವಿಲ್ಲದ ಸೀಮೆಗೆ ಇದನ್ನು ಒಯ್ಯುವುದು ಅಪಾಯ. ಕಾಡೆಮ್ಮೆಗಳಿಂದ ಬರುವ ಸೋಂಕಿನ ಮುಂದೆ ಇದರ ಬಲ ಕುಂದುತ್ತದೆ. ಒಟ್ಟಾಗಿ ತಯಾರಿಸುವ ಒಂದು ಕಂತಿಗೆ ಲಕ್ಷಗಟ್ಟಲೆ ಉಣುಗುಗಳನ್ನು ಸಾಕಬೇಕು. ಹಾಲಿಗಾಗಿ ಮಿಶ್ರತಳಿಯ ಹಸುವನ್ನು ಕಟ್ಟಿಕೊಂಡ ಸಣ್ಣ ರೈತನ ಕಷ್ಟವಂತೂ ಬೇರೆಯೇ. ನಾಟಿ ಹಸುವಿನ ಹಾಲಿನಿಂದ ಆತನ ಮಕ್ಕಳ ಶಾಲೆಯ ಖರ್ಚು ನೀಗದು. ಆತನಿಗೆ ತಳಿಯ ಮಹಿಮೆಯನ್ನು ಬೋಧಿಸುವುದು ನಿರರ್ಥಕ. ಲಸಿಕೆ ಎಲ್ಲರಿಗಿಂತ ಹೆಚ್ಚಾಗಿ ಬೇಕಾದುದು ಆತನಿಗೆ. ಆದರೆ ಲಸಿಕೆಯನ್ನು ತುಂಬಿಟ್ಟ ಒಂದು ಕಡ್ಡಿ (ತೆಳ್ಳನೆಯ ಕೊಳವೆ) ಮೂವತ್ತು ನಲವತ್ತು ಕರುಗಳಿಗೆ ಸಾಲುವಷ್ಟು ಇರುತ್ತದೆ, ಕರಗಿಸಿದ ಮೇಲೆ ಕೆಲವೇ ಗಂಟೆಗಳೊಳಗೆ ಅದನ್ನೆಲ್ಲ ಮುಗಿಸಬೇಕು. ಮಸಾಯಿ ಹಿಂಡಿನಲ್ಲಿ ಅಷ್ಟು ಕರುಗಳು ಒಂದೇ ಬೆಳಗಿನಲ್ಲಿ ಸಿಕ್ಕುತ್ತವೆ, ಬೆಟ್ಟದ ಸೀಮೆಯಲ್ಲಿ ಎರಡು ಹಸು ಕಟ್ಟಿದವನು ನೆರೆಯ ಇಪ್ಪತ್ತು ಮನೆಯವರನ್ನು ಒಂದು ದಿನಕ್ಕೆ, ಒಂದು ಜಾಗಕ್ಕೆ ಕೂಡಿಸಬೇಕು. ಆ ಕಡ್ಡಿಯನ್ನು ನಾಲ್ಕೈದು ಕರುಗಳ ಅಳತೆಗೆ ಇಳಿಸುವ ಕೆಲಸಕ್ಕೂ, ಅಲ್ಲಿಯವರೆಗೆ ಹಳ್ಳಿಹಳ್ಳಿಗೆ ಸಾರಜನಕದ ಕೊಡವನ್ನು ಹೊತ್ತು ನಿಯತಕಾಲಕ್ಕೆ ಹೋಗಿ ಬರುವ ಪಶುವೈದ್ಯನ ಸಂಬಳಕ್ಕೂ, ಹೊಸ ಹೊಸ ಉಣುಗುನಾಶಕಗಳಿಗೆ ಸುರಿಯುವ ಹಣದಲ್ಲಿ ಒಂದು ಪಾಲು ಸಂದರೆ, ಈ ವರ್ಷ ಸಾಯುವಷ್ಟು ಕರುಗಳು ಮುಂದಿನ ವರ್ಷ ಸಾಯದಂತೆ ಮಾಡಬಹುದು.